ಮಾಸ್ತರರ ಕಣ್ಣಳತೆ

ಅವರ ಮೇಜಿನ ಒಂದು ಅಂಚು ಅರ್ಧಚಂದ್ರದ ಆಕಾರದಲ್ಲಿ ಒಳಕ್ಕೆ ಕೊಯ್ದು ಹೋಗಿತ್ತು. ಬಡಗಿಯನ್ನು ಕರೆಸಿ ಬೇಕೆಂದೇ ಹಾಗೆ ಕೊಯ್ಸಿದ್ದರು. ಮಾಸ್ತರರು ತಮ್ಮ ಹೊಟ್ಟೆಯನ್ನು ಆ ಅರ್ಧಚಂದ್ರದೊಳಗೆ ಕೂಡಿಸಿ ನಿಂತರೆ ಮಾತ್ರ ಅವರ ಕತ್ತರಿ ಬಟ್ಟೆಗೆ ಎಟುಕುತ್ತಿತ್ತು. ದಿನವಿಡೀ ಮರಕ್ಕೆ ತಿಕ್ಕಿ ತಿಕ್ಕಿ ಅವರ ಎಲ್ಲ ಶರ್ಟುಗಳ ಮೇಲೆ ಹೊಕ್ಕುಳಿನ ಮಟ್ಟಕ್ಕೆ ಬಳಪದ ಒಂದು ಬಾಗಿದ ಬಿಳಿ ಗೆರೆ ಇರುತ್ತಿತ್ತು. ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ.

ನಾನು ಅವರನ್ನು ನೋಡುವ ಮೊದಲು ಅವರ ದನಿ ಕೇಳಿದ್ದೆ. ಎಪ್ಪತ್ತರ ದಶಕದ ನಡುವೆ ಮದುವೆಯಾಗಿ ವಿಜಾಪುರದ ಕಡೆಯಿಂದ ಪುಣೆಗೆ ಬಂದಾಗ ನನಗೆ ಮರಾಠಿಯ ಗಂಧಗಾಳಿ ಇರಲಿಲ್ಲ. ಗಂಡ ಬೆಳಗ್ಗೆ ಭೋಸರಿಯ ಕಾರ್ಖಾನೆಗೆ ಬಸ್ಸು ಹಿಡಿದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಶಿವಾಜಿನಗರದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲೆ, ಒಂದೇ ಖೋಲಿಯ ಸಂಸಾರ. ಎಂಟು ದಿನ ಗೋಡೆ ನೋಡಿಕೊಂಡು ಕೂತಿದ್ದೆ. ಒಂಬತ್ತನೆಯ ದಿನ ಕೆಳಗಿನಿಂದ ಯಾರೋ ಅಚ್ಚ ಕನ್ನಡದಲ್ಲಿ ಬೈಯುವುದು ಕೇಳಿಸಿತು. "ಮೂಳಾ, ಮುಂಜಾನೆ ಎಣ್ಣಿ ಕುಡಸೀನಿ, ಮತ್ತ ಯಾಕ ಕುಂಯ್ ಅಂತಿ?"

ಮೆಟ್ಟಿಲು ಎರಡೆರಡು ಹಾರಿ ಇಳಿದೆ. ಬೈಸಿಕೊಳ್ಳುತ್ತಿದ್ದದ್ದು ಹೊಲಿಗೆ ಯಂತ್ರ. ಬೈಯುತ್ತಿದ್ದವರು ಬಾಗಿಲು ತುಂಬುವಷ್ಟು ದಪ್ಪದ ಮನುಷ್ಯ. ಮುಖ ಮಾತ್ರ ಸಣ್ಣ ಮಗುವಿನದು.

"ಯಾರವ್ವಾ ನೀ?"

"ಮ್ಯಾಲಿನ ಖೋಲಿಯಾಕಿ ರೀ. ವಿಜಾಪುರ ಕಡೀದವ್ರು."

"ಸೂಜ್ಯಾಗ ದಾರ ಪೋಣಸ್ಲಿಕ್ಕ ಬರ್ತದೇನು?"

"ಬರ್ತದ ರೀ."

"ಮತ್ತ ನಿಂತಿಯಲ್ಲ? ಕೂಡು."

ಅಷ್ಟೇ. ಅವತ್ತು ಕೂತವಳು ನಾನು. ಕೋಟಿನ ಗುಂಡಿಗೆ ಕಾಜಾ ಮಾಡುವುದು, ಅಂಚು ಮಡಚುವುದು ನನ್ನ ಕೆಲಸವಾಯಿತು. ಮಾಸ್ತರರು ಗುಲಬರ್ಗಾ ಕಡೆಯವರು. ಹೆಂಡತಿ ಹಿಂದೆಯೇ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಚಿಕ್ಕ ಕೋಣೆಯಲ್ಲೇ ಅವರ ಒಲೆ, ಅವರ ಹಾಸಿಗೆ. ನನ್ನನ್ನು 'ತಂಗಿ' ಎನ್ನುತ್ತಿದ್ದರು. ತವರಿನವರು ಆರು ತಿಂಗಳಿಗೊಮ್ಮೆ ಒಂದು ಕಾಗದ ಹಾಕದಿದ್ದ ಆ ಕಾಲದಲ್ಲಿ ಆ ಒಂದು ಮಾತಿಗೇ ನಾನು ಅವರಿಗೆ ಸೋತುಹೋದೆ.

ಕೋರ್ಟು ಪಕ್ಕದಲ್ಲೇ ಇದ್ದದ್ದರಿಂದ ಅಂಗಡಿಯ ತುಂಬ ವಕೀಲರ ಕರಿ ಕೋಟುಗಳು. ಮಾಸ್ತರರು ಯಾರಿಗೂ ಟೇಪು ಹಚ್ಚುತ್ತಿರಲಿಲ್ಲ. ಟೇಪು ಅವರ ಕೊರಳಲ್ಲಿ ಇರುತ್ತಿತ್ತು, ಇರಲಿ ಎಂದು. ಗಿರಾಕಿ ಬಂದು ಎದುರು ನಿಂತರೆ ಮೇಲಿನಿಂದ ಕೆಳಗೆ ಒಂದು ಸಲ ನೋಡಿ, "ಬರ್ಕೋ ತಂಗಿ, ಎದಿ ಮೂವತ್ತೆಂಟು, ಸೊಂಟ ಮೂವತ್ತೈದು, ತೋಳು ಇಪ್ಪತ್ನಾಕು" ಎಂದು ಅಳತೆಯ ವಹಿಗೆ ಹೇಳಿಬಿಡುತ್ತಿದ್ದರು. ಹೊಸಬರು ಹುಬ್ಬೇರಿಸುತ್ತಿದ್ದರು. ಕೋಟು ತೊಟ್ಟ ಮೇಲೆ ಕನ್ನಡಿಯ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಇನ್ನೊಂದು ಹಟ ಅವರದು. ಎಂಥ ಬಟ್ಟೆಯಾದರೂ ಹೊಲಿಗೆಯ ಒಳಗೆ ಪ್ರತಿ ಅಂಚಿಗೂ ಎರಡು ಬೆರಳು ಬಟ್ಟೆ ಬಿಡಲೇಬೇಕು. "ಮನಷ್ಯಾ ಅಂದಮ್ಯಾಲ ಹೆಚ್ಚುಕಮ್ಮಿ ಆಗಾಂವನs. ನಾಳಿಗಿ ಬಿಚ್ಚಿ ದೊಡ್ಡದು ಮಾಡಾಕ ಬರಬೇಕು" ಎನ್ನುತ್ತಿದ್ದರು. ಬಟ್ಟೆ ಉಳಿಸೋಣ ಎಂದು ನಾನು ಒಮ್ಮೆ ಒಂದು ಬೆರಳು ಕತ್ತರಿಸಿದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಅಂಥ ಕಣ್ಣು ಮೊದಲ ಸಲ ತಪ್ಪಿದ್ದು ಒಬ್ಬ ವಕೀಲರ ಕೋಟಿನಲ್ಲಿ. ಎತ್ತರದ ಆಳು, ದೊಡ್ಡ ಗಂಟಲು. ಅವರು ವಾದಕ್ಕೆ ನಿಂತರೆ ನಮ್ಮ ಗಲ್ಲಿಗೆ ಕೇಳುತ್ತದೆ ಎಂದು ಜನ ನಗುತ್ತಿದ್ದರು. ಅಳತೆ ನೋಡುವ ಟ್ರಯಲ್ಲಿಗೆ ಬಂದು ತೊಟ್ಟರೆ ಕೋಟು ಎದೆಗೆ ಮುಚ್ಚಲೇ ಇಲ್ಲ, ಆರು ಇಂಚು ಬಿಗಿ. ವಕೀಲರು ಗಹಗಹಿಸಿ ನಕ್ಕು, "ಏನು ಮಾಸ್ತರ, ವಯಸ್ಸಾಯಿತಲ್ಲ?" ಎಂದು ಛೇಡಿಸಿದರು. ಮಾಸ್ತರರು ನಗಲಿಲ್ಲ. ಬಿಚ್ಚಿ ದೊಡ್ಡದು ಮಾಡಿ ಕೊಡುತ್ತೇನೆ ಎಂದವರು ಕೋಟನ್ನು ಮೊಳೆಗೆ ತೂಗುಹಾಕಿ ಅದರ ತಂಟೆಗೇ ಹೋಗಲಿಲ್ಲ. ಮೂರು ತಿಂಗಳ ಮೇಲೆ ಆ ವಕೀಲರು ಬಂದರು. ನನಗೆ ಗುರುತೇ ಸಿಗಲಿಲ್ಲ. ಅದೇ ಕೋಟನ್ನು, ಒಂದು ಹೊಲಿಗೆಯೂ ಬಿಚ್ಚದ ಅದೇ ಕೋಟನ್ನು ಮಾಸ್ತರರು ತೊಡಿಸಿದರು. ಅಚ್ಚು ಹಾಕಿದ ಹಾಗೆ ಕೂತಿತು. "ಈಗ ಸರಿಯಾಯಿತು ನೋಡಿ" ಎಂದು ವಕೀಲರು ಸಣ್ಣ ದನಿಯಲ್ಲಿ ಹೇಳಿದರು. ಅವರಿಗೆ ಹೊಟ್ಟೆಯಲ್ಲಿ ಏನೋ ಬೆಳೆದಿತ್ತಂತೆ. ದೀಪಾವಳಿಯ ಒಳಗೆ ಹೋಗಿಬಿಟ್ಟರು.

ಒಂದು ಸಲವಾದರೆ ಏನೋ ಆಯಿತು ಅನ್ನಬಹುದು. ಆಮೇಲೆ ಮಿಠಾಯಿ ಅಂಗಡಿಯವರ ಶೇರವಾನಿ ಹಾಗಾಯಿತು. ಅದಾದ ಮೇಲೆ ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯ ಕುಪ್ಪಸ. ಮೂವರಿಗೂ ಅಳತೆ ಬಿಗಿಯೇ ಬಂದದ್ದು, ಮೂವರೂ ಆ ಅಳತೆಗೆ ಇಳಿದು ಬಂದೇ ಹೋದದ್ದು. ಆ ಕಣ್ಣು ನನ್ನ ಗಂಡನ ಮೇಲೆ ಬೀಳಬಾರದು ಎಂದುಕೊಂಡೆ. ಗಂಡ ಕಾರ್ಖಾನೆಯಿಂದ ಬಂದರೆ ಅಂಗಡಿಯ ಮುಂದೆ ಹಾಯಬೇಡಿ, ಹಿಂದಿನ ಮೆಟ್ಟಿಲು ಹತ್ತಿ ಬನ್ನಿ ಎಂದು ತಾಕೀತು ಮಾಡಿದ್ದೆ. ಅವರು ಪಾಪ, ಬಾಡಿಗೆ ಕೇಳುವವರು ಯಾರೋ ಕೂತಿದ್ದಾರೆ ಎಂದು ತಿಳಿದು ಹಾಗೇ ಬರುತ್ತಿದ್ದರು.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ. "ಮಾಸ್ತರ, ನಿಮಗ ಮೊದಲs ಗೊತ್ತಾಗ್ತದೇನ್ರಿ?"

ಅವರು ಕತ್ತರಿ ಕೆಳಗಿಟ್ಟರು. "ಕಣ್ಣು ನೋಡ್ತದ, ಕೈ ಕತ್ತರಸ್ತದ. ನಡುವ ನಾ ಇರಂಗಿಲ್ಲ ತಂಗಿ. ಕಣ್ಣು ಇವತ್ತಿಂದು ನೋಡ್ತದೋ, ಮುಂದಿಂದು ನೋಡ್ತದೋ, ನನಗ ಹ್ಯಾಂಗ ತಿಳೀಬೇಕು?"

ನನಗೆ ಕಟಿಂಗ್ ಕಲಿಸಿ ಎಂದು ಎಷ್ಟು ಬೇಡಿಕೊಂಡರೂ ಅವರು ಒಪ್ಪದ್ದಕ್ಕೆ ಕಾರಣವೂ ಅವತ್ತು ತಿಳಿಯಿತು. "ಬ್ಯಾಡ. ಅದರ ಜೋಡಿ ಇದೂ ಬಂದೀತು" ಎಂದು ತಮ್ಮ ಕಣ್ಣಿನ ಕಡೆ ಬೆರಳು ಮಾಡಿದರು.

ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಮಾಸ್ತರರ ಮೈ ಅವರ ಮಾತು ಕೇಳುವುದನ್ನು ಬಿಟ್ಟಿತು. ಅವರ ಎದೆಗೆ ಟೇಪು ಸುತ್ತಿ ನೋಡಿದೆ. ಅರವತ್ತು ಇಂಚಿನ ಟೇಪಿನಲ್ಲಿ ಎರಡೇ ಇಂಚು ಉಳಿಯಿತು. ಅಂಗಡಿಯ ಮೂರು ಮೆಟ್ಟಿಲು ಹತ್ತಲು ಮೂರು ಸಲ ನಿಲ್ಲುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಕುರ್ಚಿಯಲ್ಲೇ ನಿದ್ದೆ. ಕತ್ತರಿ ಹಿಡಿದು ನಿಂತ ಹಾಗೇ ಕಣ್ಣು ಮುಚ್ಚಿಹೋಗುತ್ತಿದ್ದವು. ಒಂದು ಮಧ್ಯಾಹ್ನ ಹಾಗೇ ಮೇಜಿನ ಮೇಲೆ ಕುಸಿದರು. ತುಟಿ ನೀಲಿಯಾಗಿತ್ತು.

ಅವರ ಹತ್ತಿರ ಸೂಟು ಹೊಲಿಸುತ್ತಿದ್ದ ಸರ್ಜನ್ ಒಬ್ಬರಿದ್ದರು. ಹೊರದೇಶದಲ್ಲಿ ಕಲಿತು ಬಂದವರು, ಒಳ್ಳೆಯವರು. ಪರೀಕ್ಷೆ ಮಾಡಿ ಮುಚ್ಚುಮರೆಯಿಲ್ಲದೆ ಹೇಳಿದರು: ಹೀಗೇ ಬಿಟ್ಟರೆ ಎರಡು ವರ್ಷದಲ್ಲಿ ಹೃದಯ ಸೋತುಹೋಗುತ್ತದೆ. ತೂಕ ಇಳಿಸಲು ಆಪರೇಷನ್ ಇದೆ. ಎರಡು ಬಗೆ. ಯಾವುದು ಎಂದು ನೀವು ನಿರ್ಧರಿಸಬೇಕು.

ನಾನು ಜೊತೆಗೆ ಹೋಗಿದ್ದೆ. ಅಷ್ಟು ಹೊತ್ತಿಗೆ ನನಗೂ ಮರಾಠಿ ತಿಳಿಯುತ್ತಿತ್ತು. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಒಂದು, ಕರುಳಿನ ಅಡ್ಡದಾರಿ. ಸಣ್ಣಕರುಳು ಇಪ್ಪತ್ತು ಅಡಿ ಉದ್ದ ಇರುತ್ತದೆ. ಅದರ ಮೊದಲ ತುಂಡನ್ನು ನೇರವಾಗಿ ಕೊನೆಯ ತುಂಡಿಗೆ ಜೋಡಿಸಿ, ನಡುವಿನದ್ದನ್ನೆಲ್ಲ ಒಳಗೇ ಸುಮ್ಮನೆ ಬಿಡುವುದು. ಉಂಡದ್ದು ಮೈಗೆ ಹತ್ತುವುದಿಲ್ಲ, ಬೇಗ ಇಳಿಯುತ್ತಾರೆ. ಆದರೆ ಲಿವರಿಗೆ ಪೆಟ್ಟು ಬೀಳಬಹುದು, ಮೈಯ ಸತ್ವವೆಲ್ಲ ಸೋರಿಹೋಗಬಹುದು. ಹೊರದೇಶದಲ್ಲಿ ಇದನ್ನು ಈಗ ಬಿಡುತ್ತಿದ್ದಾರೆ. ಇನ್ನೊಂದು, ಜಠರದ ಮೇಲ್ಭಾಗಕ್ಕೆ ಉಕ್ಕಿನ ಪಿನ್ನುಗಳ ಸಾಲು ಹೊಡೆದು, ಮುಷ್ಟಿಗಿಂತ ಸಣ್ಣ ಚೀಲ ಮಾಡುವುದು. ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ. ನಿಧಾನವಾಗಿ ಇಳಿಯುತ್ತಾರೆ, ಐವತ್ತು ಕಿಲೋ ಇಳಿದರೆ ಹೆಚ್ಚು. "ನನ್ನನ್ನು ಕೇಳಿದರೆ ಎರಡನೆಯದು" ಎಂದರು ಡಾಕ್ಟರು.

ಮಾಸ್ತರರು ಕಿಲೋವನ್ನು ಮನಸ್ಸಿನಲ್ಲೇ ಇಂಚಿಗೆ ತಂದರು. "ಅಂದ್ರ ನಲವತ್ತಾರು" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಡಾಕ್ಟರಿಗೆ ಒಂದೇ ಪ್ರಶ್ನೆ: "ಎರಡರಲ್ಲಿ ಯಾವುದನ್ನು ಬಿಚ್ಚಬಹುದು?"

ಡಾಕ್ಟರು ನಕ್ಕರು. ಕರುಳನ್ನು ಏನೂ ತೆಗೆದು ಹಾಕಿರುವುದಿಲ್ಲ, ಬೇಕಾದರೆ ಮತ್ತೆ ಮೊದಲಿನಂತೆ ಜೋಡಿಸಬಹುದು. ಪಿನ್ನು ಹೊಡೆದ ಜಠರ ಬಿಚ್ಚುವುದು ಕಷ್ಟ. ಒಂದು ತಿಂಗಳು ಯೋಚನೆ ಮಾಡಿ ಬನ್ನಿ ಎಂದರು.

ಯೋಚನೆ ಎಂದರೆ ನಮ್ಮ ಮಾಸ್ತರರಿಗೆ ಹೊಲಿಗೆಯೇ. ಮರುದಿನ ಕೆಳಗೆ ಬಂದರೆ ಶೇರವಾನಿಗೆ ಒಳಗೆ ಹಾಕಿ ಉಳಿದಿದ್ದ ಕೆಂಪು ಸ್ಯಾಟಿನ್ನಿನಲ್ಲಿ ಇಪ್ಪತ್ತು ಅಡಿಯ ಒಂದು ನಳಿಕೆ ಹೊಲಿದು, ಗೋಡೆಯ ಸುತ್ತ ಮೊಳೆಯಿಂದ ಮೊಳೆಗೆ ತೂಗುಹಾಕಿದ್ದರು. ಜಠರಕ್ಕೆಂದು ಒಂದು ಚೀಲ ಹೊಲಿದು, ಅದಕ್ಕೆ ಪಿನ್ನಿನ ಸಾಲು ಹೊಡೆದು, ಮರಳು ತುಂಬಿ ಇಟ್ಟಿದ್ದರು. ಒಳಗೆ ಕಾಲಿಡುವ ಗಿರಾಕಿಗಳು ಒಂದು ಕ್ಷಣ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ನಾನಂತೂ ಅದರ ಕೆಳಗೇ ಕೂತು ಕಾಜಾ ಮಾಡಬೇಕು. ಫ್ಯಾನು ಹಾಕಿದರೆ ಗಾಳಿ ಹೊಕ್ಕು ಆ ನಳಿಕೆ ಉಬ್ಬುವುದು, ಇಳಿಯುವುದು, ಮತ್ತೆ ಉಬ್ಬುವುದು. ಸೆಕೆಯಾದರೂ ಚಿಂತೆಯಿಲ್ಲ ಎಂದು ನಾನು ಫ್ಯಾನು ಆರಿಸಿ ಕೂಡುತ್ತಿದ್ದೆ.

ನಾಲ್ಕು ದಿನದ ಮೇಲೆ ಮಾಸ್ತರರು ಮರಳಿನ ಚೀಲ ತೋರಿಸಿದರು. ಪಿನ್ನಿನ ಒಂದೊಂದು ತೂತೂ ಹಿಗ್ಗಿ ಮರಳು ಸೋರುತ್ತಿತ್ತು. "ನೋಡು, ಪಿನ್ನು ಬಟ್ಟೀನ ತಿಂತದ."

"ಹೊಟ್ಟಿ ಅಂದ್ರ ಬಟ್ಟಿ ಏನ್ರಿ ಮಾಸ್ತರ? ಡಾಕ್ಟರು ಅಷ್ಟು ಓದ್ಯಾರ, ಅವ್ರ ಮಾತು ಕೇಳ್ರಿ" ಎಂದು ಗದರಿದೆ.

"ಹೌದು, ಅದೂ ಖರೆ" ಎಂದರು. ಆ ಹೊತ್ತಿಗೆ ಅವರ ಮನಸ್ಸು ಇನ್ನೂ ಎರಡರ ನಡುವೆ ತೂಗುತ್ತಿತ್ತು. ಇನ್ನೊಂದು ವಾರ ನಾನು ಬೆನ್ನು ಹತ್ತಿದ್ದರೆ ಪಿನ್ನಿಗೇ ಒಪ್ಪುತ್ತಿದ್ದರೋ ಏನೋ. ಅಷ್ಟರಲ್ಲಿ ಆ ಶರ್ಟು ಬಂತು.

ಕೋರ್ಟಿಗೆ ಬೇಸಿಗೆಯ ರಜೆ. ಗಲ್ಲಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಊಟ ಮುಗಿಸಿ ಕೆಳಗೆ ಬಂದೆ. ಮಾಸ್ತರರು ಮೇಜಿಗೆ ಹೊಂದಿ ನಿಂತಿದ್ದರು. ಎದುರಿಗೆ ಟ್ರಯಲ್ಲಿನ ದೊಡ್ಡ ಕನ್ನಡಿ. ಅವರ ಕಣ್ಣು ಕನ್ನಡಿಯ ಮೇಲೆ, ರೆಪ್ಪೆ ಬಡಿಯುತ್ತಿರಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಬಿಳಿ ಪಾಪ್ಲಿನ್ ಬಟ್ಟೆಯನ್ನು ಕತ್ತರಿಸುತ್ತಿತ್ತು. "ಮಾಸ್ತರ" ಎಂದೆ. ಎರಡು ಸಲ ಕರೆದೆ. ತಿರುಗಲಿಲ್ಲ. ಕನ್ನಡಿಯಲ್ಲಿ ಅವರು ಏನು ನೋಡುತ್ತಿದ್ದಾರೆ ಎಂದು ಇಣುಕುವ ಧೈರ್ಯ ನನಗೆ ಬರಲಿಲ್ಲ. ತಲೆ ತಗ್ಗಿಸಿ ನನ್ನ ಕೆಲಸ ಹಿಡಿದೆ. ಅವರು ಕತ್ತರಿಸಿದ್ದು ಮುಗಿಸಿ, ಯಂತ್ರಕ್ಕೆ ಕೂತು, ಒಂದೇ ಉಸಿರಿಗೆ ಹೊಲಿದರು. ಸಂಜೆಯ ಚಹಾದ ಹೊತ್ತಿಗೆ ಇಸ್ತ್ರಿಯ ಬಿಸಿ ಆರದ ಶರ್ಟೊಂದನ್ನು ನನ್ನ ಮಡಿಲಿಗೆ ಹಾಕಿ, "ಕಾಜಾ ಮಾಡು" ಎಂದರು.

"ಯಾರದ್ರಿ ಇದು?"

ನಿದ್ದೆಯಿಂದ ಎದ್ದವರ ಹಾಗೆ ನನ್ನನ್ನು ನೋಡಿದರು. "ಯಾರದು?" ಎಂದು ನನ್ನನ್ನೇ ಕೇಳಿದರು.

ವಹಿಯಲ್ಲಿ ಯಾರ ಹೆಸರೂ ಇರಲಿಲ್ಲ. ಟೇಪು ಹಿಡಿದು ನೋಡಿದೆ. ಎದೆ ಮೂವತ್ತನಾಲ್ಕು, ಒಬ್ಬ ಸಪೂರ ಮನುಷ್ಯನ ಅಳತೆ. ಮಾಸ್ತರರು ಶರ್ಟನ್ನು ಮೇಜಿನ ಮೇಲೆ ಹಾಸಿ ಅಂಗೈ ಆಡಿಸಿದರು. ಬಲಗಡೆಯ ಭುಜಕ್ಕೆ ಬಂದಾಗ ಕೈ ನಿಂತಿತು. ಎಡಕ್ಕಿಂತ ಬಲ ಭುಜ ಅರ್ಧ ಬೆರಳು ಇಳಿದಿತ್ತು. ನಲವತ್ತು ವರ್ಷ ಭಾರದ ಕತ್ತರಿ ಹಿಡಿದು ಹಾಗೆ ಇಳಿದ ಭುಜ ಆ ಗಲ್ಲಿಯಲ್ಲಿ ಒಂದೇ ಇತ್ತು. ಅವರು ಎಡಗೈಯಿಂದ ತಮ್ಮ ಬಲ ಭುಜವನ್ನು ಮುಟ್ಟಿ ನೋಡಿಕೊಂಡರು.

"ಇದು ನಂದು" ಎಂದರು. ದನಿಯಲ್ಲಿ ಸಂತೋಷವಿತ್ತು!

ಆವತ್ತಿನಿಂದ ನಮ್ಮ ನಡುವೆ ಜಗಳ. ಅವರ ಲೆಕ್ಕ ಸರಳ: ಪಿನ್ನು ಹೊಡೆಸಿದರೆ ನಲವತ್ತಾರಕ್ಕಿಂತ ಕೆಳಗೆ ಬರುವುದಿಲ್ಲ. ಕಣ್ಣು ಮೂವತ್ತನಾಲ್ಕು ಹೇಳಿದೆ. ಹಾಗಾದರೆ ಕಣ್ಣು ಹೇಳಿದ್ದು ಕರುಳಿನ ಆಪರೇಷನ್ನು. ಅದನ್ನು ಬಿಚ್ಚಲೂ ಬರುತ್ತದೆ, ಇನ್ನೇನು ಬೇಕು?

"ಆ ವಕೀಲರ ಕೋಟು ಮರತ್ರೇನು?" ಎಂದು ನಾನು ಕೂಗಾಡಿದೆ. "ಆ ಮಿಠಾಯಿಯವ್ರು? ಆ ಶಾಲಿ ಅಕ್ಕೋರು? ಅವ್ರೆಲ್ಲಾ ನಿಮ್ಮ ಅಳತಿಗಿ ಬಂದು ಏನಾದ್ರು?"

"ಅವ್ರು ರೋಗದಿಂದ ಇಳದ್ರು. ನಾ ಔಷಧದಿಂದ ಇಳೀತೀನಿ" ಎಂದು ಮಾಸ್ತರರು ಆ ಶರ್ಟನ್ನು ಮೇಜಿನ ಎದುರಿನ ಮೊಳೆಗೆ ತೂಗುಹಾಕಿದರು. "ತೆಳ್ಳಗಾಗಿ, ಸೆಟದು ನಿಂತು, ಬಟ್ಟಿ ಕತ್ತರಸ್ತೀನಿ. ನೀನs ನೋಡ್ತಿ."

ಅಂಥ ಆಸೆಯ ಮುಖಕ್ಕೆ ನಾನು ಏನು ಹೇಳಲಿ? ಡಾಕ್ಟರೂ ಎರಡು ಸಲ ಎಚ್ಚರಿಕೆ ಕೊಟ್ಟರು. ಕೊನೆಗೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರಬೇಕು, ಬಿಚ್ಚಬೇಕು ಎಂದರೆ ಬಿಚ್ಚಿಸಿಕೊಳ್ಳಬೇಕು ಎಂಬ ಮಾತಿನ ಮೇಲೆ ಒಪ್ಪಿದರು. ಮಳೆಗಾಲದಲ್ಲಿ ಕರುಳಿನ ಆಪರೇಷನ್ ಆಯಿತು.

ಮೊದಲ ಆರು ತಿಂಗಳು ನಾನೇ ಸೋತೆ ಅಂದುಕೊಂಡೆ. ಐವತ್ತೆರಡು, ಐವತ್ತು, ನಲವತ್ತೇಳು. ಸೋಮವಾರಕ್ಕೊಮ್ಮೆ ಟೇಪು ಹಿಡಿಯುತ್ತಿದ್ದೆ. ಮಾಸ್ತರರು ಮೆಟ್ಟಿಲು ಹತ್ತಿ ನಮ್ಮ ಖೋಲಿಗೆ ಬಂದು ನನ್ನ ಗಂಡನ ಪಕ್ಕದಲ್ಲಿ ಕೂತು ರೊಟ್ಟಿ ಉಂಡರು. ಹಾಸಿಗೆಯಲ್ಲಿ ಕಾಲು ಚಾಚಿ ನಿದ್ದೆ ಮಾಡಿದರು. ಉಂಡದ್ದು ನಿಲ್ಲುತ್ತಿರಲಿಲ್ಲ, ದಿನಕ್ಕೆ ಹತ್ತು ಸಲ ಹಿಂದಿನ ಕಕ್ಕಸಿಗೆ ಓಡುತ್ತಿದ್ದರು. ಆದರೂ ನಗುತ್ತಿದ್ದರು.

ಆಮೇಲೆ ಮೇಜಿನ ಅರ್ಧಚಂದ್ರಕ್ಕೂ ಅವರ ಹೊಟ್ಟೆಗೂ ನಡುವೆ ಸಂದು ಬಿತ್ತು. ಮೊದಲು ಒಂದು ಕೈ ಹೋಗುವಷ್ಟು. ಆಮೇಲೆ ಒಬ್ಬ ಮನುಷ್ಯ ನಡುವೆ ನಿಲ್ಲುವಷ್ಟು. ನಾನು ಕೆಲಸ ಮಾಡುತ್ತ ತಲೆ ಎತ್ತಿದರೆ ಆ ಖಾಲಿ ಜಾಗವೇ ಕಣ್ಣಿಗೆ ಬೀಳುತ್ತಿತ್ತು, ಮಾಸ್ತರರಲ್ಲ. ಕೂದಲು ಉದುರಿ ಬಟ್ಟೆಯ ಮೇಲೆ ಬೀಳುತ್ತಿತ್ತು. ಕಣ್ಣಿನ ಬಿಳಿ ಅರಿಶಿನವಾಯಿತು. ಗಿರಾಕಿ ಎದುರು ನಿಂತರೂ ಅವರ ನೋಟ ಗಿರಾಕಿಯ ಹಿಂದಿನ ಕನ್ನಡಿಗೆ ಹೋಗುತ್ತಿತ್ತು. ಆಗಾಗ ಕನ್ನಡಿಯ ಕಡೆ, ಪರಿಚಯದವರು ಕಂಡ ಹಾಗೆ, ಸಣ್ಣಗೆ ತಲೆಯಾಡಿಸುತ್ತಿದ್ದರು. ವಕೀಲರು ಒಬ್ಬೊಬ್ಬರೇ ಬೇರೆ ಅಂಗಡಿಗೆ ಹೋದರು. ಪರೀಕ್ಷೆಯ ದಿನ ಮುಂದೆ ಹಾಕಲು ಮಾಸ್ತರರು ಏನಾದರೊಂದು ನೆವ ಹೇಳುತ್ತಿದ್ದರು.

ಎದೆ ನಲವತ್ತಕ್ಕೆ ಬಂದ ವಾರ ಅವರಿಗೆ ನಿಲ್ಲಲು ಆಗಲಿಲ್ಲ. ರಿಕ್ಷಾದಲ್ಲಿ ಹಾಕಿಕೊಂಡು ಹೋದೆವು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಲಿವರ್ ಸೋಲುತ್ತಿದೆ. ಈ ವಾರವೇ ಬಿಚ್ಚಿ ಮೊದಲಿನಂತೆ ಜೋಡಿಸಬೇಕು. ಇನ್ನು ತಡವಾದರೆ ಉಳಿಯುವುದಿಲ್ಲ. ಅವರು ಸಹಿ ಹಾಕುತ್ತಿಲ್ಲ."

ಒಳಗೆ ಹೋಗಿ ಹಾಸಿಗೆಯ ಪಕ್ಕ ನಿಂತೆ. "ಯಾಕ್ರಿ ಮಾಸ್ತರ? ಬಿಚ್ಚಲಿಕ್ಕ ಬರ್ತದ ಅಂತs ಅಲ್ಲೇನ್ರಿ ಇದನ್ನ ಆರಿಸಿದ್ದು?"

"ಇನ್ನೂ ಆರು ಇಂಚು ಅದ" ಎಂದರು.

"ಹಾಳಾಗಿ ಹೋಗ್ಲಿ ಆ ಆರು ಇಂಚು!"

"ತಂಗಿ, ನನ್ನ ಕಣ್ಣು ಎಂದಾದ್ರೂ ತಪ್ಪ್ಯದೇನು? ಮೂವತ್ನಾಕು ಅಂದ್ರ ಮೂವತ್ನಾಕು. ಬಿಚ್ಚಿದ್ರೂ ಅಲ್ಲಿಗೇ ಹೋಗೂದು, ಬಿಚ್ಚದಿದ್ರೂ ಅಲ್ಲಿಗೇ. ಮತ್ತೊಮ್ಮಿ ಯಾಕ ಕೊಯ್ಸಿಕೊಳ್ಳಲಿ?" ಅವರ ತುಟಿ ನಡುಗುತ್ತಿತ್ತು. ಅವರಿಗೂ ಹೆದರಿಕೆಯಿದೆ, ಎಷ್ಟೋ ತಿಂಗಳಿನಿಂದ ಇದೆ ಎಂದು ನನಗೆ ಆಗ ತಿಳಿಯಿತು. ಮಗುವಿನ ಮುಖ ಹಳದಿಯಾಗಿ ದಿಂಬಿನ ಮೇಲೆ ಬಿದ್ದಿತ್ತು. ಅವರಿಗೆ ಕಾಣಬಾರದೆಂದು ಹೊರಗೆ ಬಂದು ಅತ್ತೆ.

ಮರುದಿನ ಬೆಳಗ್ಗೆ ಅಂಗಡಿಯ ಬೀಗ ತೆಗೆದೆ. ಮೊಳೆಯಿಂದ ಆ ಶರ್ಟನ್ನು ಇಳಿಸಿ ಒಳಮೈ ತಿರುಗಿಸಿದೆ. ಎರಡು ಪಕ್ಕೆಗಳಲ್ಲೂ, ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದರು. ಮೈಮೇಲೆ ಎಚ್ಚರವಿಲ್ಲದೆ ಹೊಲಿದಾಗಲೂ ಆ ಪುಣ್ಯಾತ್ಮನ ಕೈ ತನ್ನ ಧರ್ಮ ಬಿಟ್ಟಿರಲಿಲ್ಲ. ಒಂದೊಂದು ಅಂಚಿಗೆ ಒಂದೂವರೆ ಇಂಚು, ನಾಲ್ಕು ಅಂಚು ಸೇರಿ ಆರು ಇಂಚು. ನಾನು ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚಲು ಕೂತೆ.

ಮೊದಲ ದಾರ ಕಿತ್ತಾಗ ಗೋಡೆಯ ಮೇಲಿನ ಕೆಂಪು ನಳಿಕೆ ಒಮ್ಮೆ ಉಬ್ಬಿ ಇಳಿಯಿತು. ಫ್ಯಾನು ಹಾಕಿರಲಿಲ್ಲ. ಬಾಗಿಲಿನ ಗಾಳಿ ಇರಬೇಕು ಅಂದುಕೊಂಡೆ. ಬಾಗಿಲು ಮುಚ್ಚಿತ್ತು. ಕನ್ನಡಿಯ ಮುಂದೆ ಯಾರೋ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಾರೆ ಎಂದು ಬೆನ್ನು ಹೇಳುತ್ತಿತ್ತು. "ನೋಡ್ರಿ, ಬೇಕಾದಷ್ಟು ನೋಡ್ರಿ, ನಾ ಬಿಡಂಗಿಲ್ಲ" ಎಂದು ಗಟ್ಟಿಯಾಗಿ ಹೇಳಿ, ತಿರುಗಿ ನೋಡದೆ ಯಂತ್ರದ ಪೆಡಲು ತುಳಿದೆ. ದಾರದಷ್ಟು ಅಂಚು ಬಿಟ್ಟು ಹೊಸ ಹೊಲಿಗೆ ಹಾಕಿದೆ. ಮುಗಿಸಿ ಎದ್ದಾಗ ಕುಪ್ಪಸ ಬೆವರಿನಿಂದ ಒದ್ದೆಯಾಗಿತ್ತು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ನರ್ಸಿನ ಸಹಾಯದಿಂದ ಅವರನ್ನು ಎತ್ತಿ ಕೂಡಿಸಿ, ಒಂದೊಂದೇ ತೋಳು ತೂರಿಸಿ, ಶರ್ಟು ತೊಡಿಸಿದೆ. ಎದೆಯ ಗುಂಡಿಗಳೆಲ್ಲ ಕೂಡಿದವು. "ನೋಡ್ರಿ ಮಾಸ್ತರ, ಅಳತಿ ಮುಟ್ಟಿತು. ಇದs ಶರ್ಟು, ನಿಮ್ಮ ಕಣ್ಣು ಹೇಳಿದ್ದು. ಮುಗೀತು. ಇನ್ನ ಬಿಚ್ಚಸ್ಕೋರಿ" ಎಂದೆ. ಸುಳ್ಳು ಹೇಳುವಾಗ ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

ಅವರ ಬಲಗೈ ನಿಧಾನವಾಗಿ ಪಕ್ಕೆಯ ಹೊಲಿಗೆಯ ಮೇಲೆ ಹೋಯಿತು. ಹೆಬ್ಬೆರಳು ಮೇಲಿನಿಂದ ಕೆಳಗೆ ಇಳಿಯಿತು, ಮತ್ತೆ ಒಂದೂವರೆ ಇಂಚು ಆಚೆಗೆ ಸರಿದು ಹಳೆಯ ಸೂಜಿಯ ತೂತುಗಳ ಸಾಲಿನ ಮೇಲೆ ನಿಂತಿತು. ನಲವತ್ತು ವರ್ಷ ಬಟ್ಟೆ ಮುಟ್ಟಿದ ಬೆರಳು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅವರು ಕಣ್ಣು ಮುಚ್ಚಿದರು.

"ಬಿಚ್ಚಿದಮ್ಯಾಲ ಇಸ್ತ್ರಿ ಹೊಡೀಬೇಕಿತ್ತು ತಂಗಿ" ಎಂದರು ಕೊನೆಗೆ. "ಹಳೀ ತೂತು ಹಂಗs ಉಳದಾವ."

ನಾನು ಅವರ ಕೊರಳಪಟ್ಟಿ ಸರಿಮಾಡಿದೆ.

"ಆದ್ರೂ ಚಂದ ಕೂತದ. ಹೋಗು, ಡಾಕ್ಟರಿಗಿ ಕರಿ."

ಸಹಿ ಹಾಕಿದರು. ಕರುಳನ್ನು ಮತ್ತೆ ಮೊದಲಿನಂತೆ ಜೋಡಿಸಿದರು. ಎರಡು ತಿಂಗಳು ಆಸ್ಪತ್ರೆ, ಮೂರು ತಿಂಗಳು ನಮ್ಮ ಖೋಲಿಯಲ್ಲಿ ಗಂಜಿ. ಬದುಕಿದರು. ಆ ಶರ್ಟು ಆಸ್ಪತ್ರೆಯ ಬಟ್ಟೆಗಳ ಜೊತೆ ಎಲ್ಲಿ ಹೋಯಿತೋ, ನಾನೂ ಹುಡುಕಲಿಲ್ಲ, ಅವರೂ ಕೇಳಲಿಲ್ಲ.

ಅಂಗಡಿಗೆ ಮರಳಿದ ದಿನ ಮೊದಲು ಕೆಂಪು ನಳಿಕೆಯನ್ನು ಇಳಿಸಿ ಒಲೆಗೆ ಹಾಕಿದರು. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದರು. ಆಮೇಲೆ ಕೊರಳಿನ ಟೇಪು ತೆಗೆದು ನನ್ನ ಕೈಗೆ ಕೊಟ್ಟು, "ಬಾ, ಕಟಿಂಗ್ ಕಲಸ್ತೀನಿ. ಟೇಪು ಇಲ್ಲದs ಒಂದು ನೂಲೂ ನಂಬಬ್ಯಾಡ" ಎಂದರು. ಐದು ವರ್ಷ ಕಲಿಸಿದರು. ಕೋಟು, ಶೇರವಾನಿ, ಬ್ಯಾಂಡಿನವರ ಸಮವಸ್ತ್ರ, ಎಲ್ಲ. ಆಪರೇಷನ್ನಿನ ಮಾತು ಮತ್ತೆ ಎತ್ತಲಿಲ್ಲ. ಮೈ ಮತ್ತೆ ತುಂಬತೊಡಗಿತು. ಡಾಕ್ಟರು ಬೈಯುತ್ತಿದ್ದರು, ನಾನು ಎಂಟು ರೊಟ್ಟಿಯ ಜಾಗದಲ್ಲಿ ಐದು ಎಣಿಸಿ ಕೊಡುತ್ತಿದ್ದೆ, ಅವರು ಮಿಠಾಯಿ ಅಂಗಡಿಗೆ ಕದ್ದು ಹೋಗುತ್ತಿದ್ದರು. ಮುಂದೆ ಗಂಡನ ಕಾರ್ಖಾನೆ ಮುಚ್ಚಿದಾಗ ನಮ್ಮ ಮನೆಯ ಒಲೆ ಉರಿದದ್ದು, ನನ್ನ ಎರಡು ಹೆಣ್ಣುಮಕ್ಕಳು ಕಾಲೇಜು ಕಂಡದ್ದು ಆ ಐದು ವರ್ಷಗಳಿಂದ. ಇದನ್ನು ನಾನು ಯಾರ ಮುಂದೆಯೂ ಹೇಳಲು ಹಿಂಜರಿಯುವುದಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಬೆಳಗ್ಗೆ, ಚಹಾ ಕುಡಿದು ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ಗಲ್ಲಿಯ ಜನ ಸೇರಿ ಅವರನ್ನು ಚಾಪೆಯ ಮೇಲೆ ಮಲಗಿಸಿದರು. ಯಾರೋ ಹೂವಿಗೆ ಓಡಿದರು, ಯಾರೋ ಊರಿಗೆ ತಂತಿ ಕೊಡಲು ಹೋದರು. ನಾನು ಎದ್ದು ಟೇಪು ತಂದೆ.

ಮಲಗಿದವರ ಅಳತೆ ತೆಗೆಯಬಾರದು ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹೆಂಗಸರು "ಅಯ್ಯೋ, ಏನು ಮಾಡುತ್ತಿದ್ದೀ" ಎಂದು ಮರಾಠಿಯಲ್ಲಿ ಚೀರಿದರು. ಗಂಡ ಬಂದು ತೋಳು ಹಿಡಿದು ಎಳೆದರು. ನಾನು ಕೊಡವಿಕೊಂಡೆ. ಐದು ವರ್ಷ ಒಂದು ದಿನವೂ ಬಿಡದೆ ನನ್ನ ಒಳಗೆ ಕುಟುಕುತ್ತಿದ್ದ ಆ ಮೂವತ್ತನಾಲ್ಕು ನಿಜವೋ ಸುಳ್ಳೋ ನನಗೆ ಗೊತ್ತಾಗಬೇಕಿತ್ತು. ಅವರ ಬೆನ್ನಿನ ಕೆಳಗೆ ಟೇಪು ತೂರಿಸಿ ಎದೆಯ ಮೇಲೆ ತಂದು ಕೂಡಿಸಿದೆ. ಕಣ್ಣೀರಿನಲ್ಲಿ ಅಂಕಿ ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದೆ, ಎರಡು ಸಲ ನೋಡಿದೆ. ಆಮೇಲೆ ಬಾಗಿ ಅವರ ಕಿವಿಯಲ್ಲಿ ಹೇಳಿದೆ:

"ಮಾಸ್ತರ, ಐವತ್ತೆರಡು ಅದ ರೀ."